ಕೋವಿಯ ಮರಕ್ಕೆ ಎಣ್ಣೆ ಪಾಲಿಶ್: ನನ್ನ ಅನುಭವ

ಅಗಸೆ ಎಣ್ಣೆ ಕೊಡಗಿನ ಮಳೆಗೆ ನಿಲ್ಲೋದಿಲ್ಲ ಅಂತ ಊರಲ್ಲಿ ಎಲ್ಲರೂ ಹೇಳಿದ್ದರು. ಚಿಕ್ಕಪ್ಪನಂತೂ ‘ಬೂಷ್ಟು ಹಿಡಿಯುತ್ತೆ, ನೋಡ್ತಿರು’ ಅಂದಿದ್ದರು. ಆಮೇಲೆ ಜಡಿಮಳೆಯ ಆಷಾಢಗಳೇ ಕಳೆದವು. ನಮ್ಮ ಜೋಡಿ ನಳಿಕೆ ಕೋವಿಯ ಅಕ್ರೋಟ್ ಮರ ಇವತ್ತಿಗೂ ಹಾಗೇ ಇದೆ.

ನಳಿಕೆ ಊರಲ್ಲೇ ಬಿಟ್ಟು, ಬಟ್ಟು (ಭುಜಕ್ಕೆ ಒತ್ತುವ ಹಿಂಬದಿಯ ಮರ) ಮತ್ತು ಮುಂಗೈ ಹಿಡಿ (ನಳಿಕೆಯ ಕೆಳಗೆ ಕೈ ಹಿಡಿಯುವ ಮರ) ಎರಡನ್ನೇ ಬಿಚ್ಚಿ ಬೆಂಗಳೂರಿಗೆ ತಂದೆ. ಕೆಲಸವೆಲ್ಲ ವಿಜಯನಗರದ ಮನೆಯ ಬಾಲ್ಕನಿಯಲ್ಲಿ.

ಮೊದಲು ದುಡ್ಡು ಹೋದ ಕಥೆ. ಪಾಲಿಶ್‌ನವರೊಬ್ಬರಿಗೆ ಮೂರೂವರೆ ಸಾವಿರದಷ್ಟು ಕೊಟ್ಟು ಮೆಲಮೈನ್ ಅನ್ನೋ ಗಟ್ಟಿ ಹೊಳಪಿನ ಪಾಲಿಶ್ ಹೊಡೆಸಿದ್ದೆವು. ಹೊಸ ಸೋಫಾ ಥರ ಮಿಂಚಿತು. ಒಂದೇ ಮಳೆಗಾಲಕ್ಕೆ ಬಿರುಕು ಬಿಟ್ಟು ಸಿಪ್ಪೆ ಎದ್ದಿತು, ಅಡಿಯಲ್ಲಿ ನೀರು ಸೇರಿ ಕಪ್ಪು ಕಲೆ. ಅದಕ್ಕೂ ಹಿಂದೆ ಇದ್ದ ಅರಗಿನ ಪಾಲಿಶ್ ಒದ್ದೆಯಾದಾಗಲೆಲ್ಲ ಬೆಳ್ಳಗಾಗುತ್ತಿತ್ತು.

ಹಳೆ ಪಾಲಿಶ್ ಮೆತ್ತಗೆ ಮಾಡುವ ರಿಮೂವರ್ ಹಚ್ಚಿ ಎಲ್ಲ ಕೆರೆದೆ. ಕಪ್ಪು ಕಲೆ ಆಕ್ಸಾಲಿಕ್ ಆಸಿಡ್‌ಗೆ ಹೋಯಿತು. ಕಾಟ ಕೊಟ್ಟಿದ್ದು ಲೋಹ ಕೂರುವ ಜಾಗ. ವರ್ಷಗಟ್ಟಲೆ ಕೋವಿ ಎಣ್ಣೆ ಕುಡಿದ ಮರ ಅದು. ಸೀಮೆಸುಣ್ಣದ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ಮೆತ್ತಿ ಒಣಗಲು ಬಿಟ್ಟೆ. ಪುಡಿ ಹಳದಿಯಾಗಿ ಉದುರಿತು. ಹಳದಿ ಬರೋದು ನಿಲ್ಲುವ ತನಕ ಮತ್ತೆ ಮತ್ತೆ ಇದೇ ಕೆಲಸ. ಇದನ್ನು ಬಿಟ್ಟರೆ ಮುಂದೆ ಯಾವ ಪಾಲಿಶ್ಶೂ ಹಿಡಿಯೋದಿಲ್ಲ. ಆ ಅಂಚಿಗೆ ಉಪ್ಪುಕಾಗದ ಮುಟ್ಟಿಸಬೇಡಿ. ದುಂಡಗಾದರೆ ಜೋಡಿಸಿದಾಗ ಸಂದು ಕಾಣುತ್ತದೆ. ನೆಗ್ಗಿದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯ ಮೂತಿ ಒತ್ತಿದೆ. ಚುಂಯ್ ಅಂತ ಆವಿ ಬಂತು, ಮರ ಉಬ್ಬಿ ಮಟ್ಟಕ್ಕೆ ಬಂತು.

ಗಾಣದ ಹಸಿ ಅಗಸೆ ಎಣ್ಣೆ ಆಗಸ್ಟ್‌ನ ತಂಪಿಗೆ ವಾರಗಟ್ಟಲೆ ಒಣಗಲೇ ಇಲ್ಲ, ಬರೀ ಅಂಟು. ಊರಿನವರು ಕಂಡಿದ್ದೂ ಇದನ್ನೇ ಇರಬೇಕು. ಪೇಂಟ್ ಅಂಗಡಿಯ, ಬೇಗ ಒಣಗುವ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆಗೆ ಮೂರನೇ ಒಂದು ಪಾಲು ಟರ್ಪೆಂಟೈನ್ ಸೇರಿಸಿದ ಮೇಲೆ ದಾರಿಗೆ ಬಂತು. ಮೊದಲ ಕೋಟ್‌ಗಳನ್ನು 400 ನಂಬರ್ ವಾಟರ್ ಪೇಪರ್‌ನಲ್ಲೇ ಉಜ್ಜಿದೆ. ಎಣ್ಣೆ, ಮರದ ಪುಡಿ ಸೇರಿದ ಆ ಕೆಸರು ಮರದ ಸಣ್ಣ ರಂಧ್ರಗಳಲ್ಲಿ ಕೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಕೆಲವೇ ಹನಿ, ಅಂಗೈ ಬಿಸಿಯಾಗುವಂತೆ ತಿಕ್ಕೋದು, ಕಾಲು ಗಂಟೆಗೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸೋದು. ಜಾಸ್ತಿ ಹಚ್ಚಿದರೆ ಕೆಟ್ಟಿತು. ಹತ್ತು ಹನ್ನೆರಡು ಕೋಟ್ ಆಗಿರಬಹುದು, ಒಂದೊಂದರ ನಡುವೆ ಎರಡು ಮೂರು ದಿನ.

ಕೆಂಪು ಛಾಯೆಗೆ ಅವೆನ್ಯೂ ರೋಡಿನ ಹತ್ತಿರದ ಗ್ರಂಥಿಗೆ ಅಂಗಡಿಯಿಂದ ರತನ್‌ಜೋತ್ ಬೇರು ತಂದು ಎಣ್ಣೆಯಲ್ಲಿ ನೆನೆಸಿದೆ. ರೋಗನ್ ಜೋಶ್‌ಗೆ ಬಣ್ಣ ಕೊಡೋದೂ ಅದೇ. ಅಳತೆ ಮತ್ತು ಅದರ ಜೊತೆ ಹಾಕಿದ ಇನ್ನೊಂದು ಸಾಮಾನು ಮಾತ್ರ ನನ್ನಲ್ಲೇ ಇರಲಿ. ಸುಮ್ನೆ ನೋಡೋಣ ಅಂತ ಒಂದು ಜಾಲಿ ತುಂಡಿಗೆ ತುಕ್ಕು ಮೊಳೆ ನೆನೆಸಿದ ವಿನೆಗರ್ ಹಚ್ಚಿದ್ದೆ. ಕಣ್ಣೆದುರೇ ಕಪ್ಪಾಯಿತು. ಚಾಕು ಹಿಡಿಗೆ ಚೆನ್ನ, ಕೋವಿಗೆ ಬೇಡ.

ಕೊನೆಗೆ ಜೇನುಮೇಣ. ಒಟ್ಟು ಖರ್ಚು ಏಳೆಂಟು ನೂರು ದಾಟಿಲ್ಲ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ (ಕೊಡವರು ಆಯುಧ ಪೂಜಿಸುವ ಹಬ್ಬ) ಮುಂಚೆ ವರ್ಷಕ್ಕೊಮ್ಮೆ ನಾಲ್ಕು ಹನಿ ತಿಕ್ಕುತ್ತೇನೆ, ಅಷ್ಟೇ. ಚಿಕ್ಕಪ್ಪ ಈಗ ತಮ್ಮ ಒಂಟಿ ನಳಿಕೆಯ ಬಟ್ಟನ್ನೂ ಕಳಿಸಿದ್ದಾರೆ.

ಒಂದು ಮಾತ್ರ ಮರೆಯಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ತಾನಾಗಿ ಬಿಸಿಯಾಗಿ ಬೆಂಕಿ ಹತ್ತಬಹುದು. ತಕ್ಷಣ ನೀರಿನ ಬಕೆಟ್‌ಗೆ ಹಾಕಿ.