ನನ್ನ ಓದಿಗೆ ಕೇಳುಗರು ಸಿಕ್ಕ ಮೇಲೆ

ಗಟ್ಟಿಯಾಗಿ ಓದುವುದು ನನಗೆ ಚಿಕ್ಕಂದಿನಿಂದಲೂ ಇಷ್ಟ. ಕೆಲಸ, ಸಂಬಳ, ಸಂಸಾರ ಎಲ್ಲ ನೆಟ್ಟಗಿದ್ದರೂ ರಾತ್ರಿಯಾದರೆ ‘ಇದೆಲ್ಲ ಯಾತಕ್ಕೆ’ ಅನ್ನಿಸುತ್ತಿದ್ದ ಕಾಲದಲ್ಲೂ ಓದುವ ಆ ಒಂದು ಗಂಟೆ ಮಾತ್ರ ನನ್ನದಾಗಿತ್ತು. ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗೆ ಪಠ್ಯ ಓದಿ ರೆಕಾರ್ಡ್ ಮಾಡಿಕೊಡುವವರು ಬೇಕು ಎಂದು ಗೊತ್ತಾದಾಗ ಹೋಗಿ ಸೇರಿಕೊಂಡೆ.

ಪರದೆಯ ಮೇಲಿನ ಅಕ್ಷರವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಇರುವಾಗ ಮನುಷ್ಯರೇ ಯಾಕೆ ಓದಬೇಕು ಎಂದು ಕೇಳುವವರಿದ್ದಾರೆ. ನೇರ ಪಠ್ಯವನ್ನು ಅದು ಚೆನ್ನಾಗಿಯೇ ಓದುತ್ತದೆ. ಮಸುಕಾಗಿ ಸ್ಕ್ಯಾನ್ ಆದ ಪುಟ, ಕೈಬರಹದ ನೋಟ್ಸ್, ವಿವರಣೆಯಿಲ್ಲದ ಚಿತ್ರ ಬಂದಾಗ ತಡವರಿಸುತ್ತದೆ. ನಮ್ಮ ಕೆಲಸ ಇರುವುದು ಅಲ್ಲೇ.

ಗ್ರಾಫನ್ನೇ ತೆಗೆದುಕೊಳ್ಳಿ. ಅಡ್ಡ ಅಕ್ಷದಲ್ಲಿ ಏನಿದೆ, ಲಂಬ ಅಕ್ಷದಲ್ಲಿ ಏನಿದೆ, ಯಾವ ಅಳತೆಯಲ್ಲಿ ಎಂಬುದನ್ನು ಮೊದಲು ಹೇಳುತ್ತೇನೆ. ಗೆರೆ ಎಲ್ಲಿಂದ ಹೊರಟು ಎಲ್ಲಿ ಬಾಗಿತು ಎಂಬುದು ಆಮೇಲೆ. ಅದರ ಅರ್ಥವನ್ನು ಮಾತ್ರ ನಾನು ಹೇಳುವುದಿಲ್ಲ. “ಗೆರೆ ಹೇಗಿದೆ ಹೇಳಿ ಸಾಕು, ಉಳಿದದ್ದು ನಾನೇ ಕಂಡುಕೊಳ್ತೀನಿ” ಎಂದಿದ್ದಳು ಅರ್ಥಶಾಸ್ತ್ರ ಓದುವ ಹುಡುಗಿಯೊಬ್ಬಳು. ನೆರವಾಗುವುದೆಂದರೆ ಏನು ಎಂದು ನನಗೆ ಅಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಿರಲಿಲ್ಲ.

ಮನುಷ್ಯನ ಅಗತ್ಯಗಳ ಬಗ್ಗೆ 1943ರಲ್ಲಿ ಬರೆದ ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ, ತನ್ನ ಸಾಮರ್ಥ್ಯವನ್ನು ಪೂರ್ತಿಯಾಗಿ ಅರಳಿಸಿಕೊಳ್ಳುವುದನ್ನು ಎಲ್ಲಕ್ಕಿಂತ ಮೇಲಿಟ್ಟರು. ಕೊನೆಯ ವರ್ಷಗಳಲ್ಲಿ ಅದನ್ನೂ ದಾಟಿ, ತನ್ನನ್ನು ಮೀರಿದ್ದೊಂದಕ್ಕೆ ತೊಡಗುವುದರ ಬಗ್ಗೆ ಬರೆದರು. ನನ್ನ ಮಟ್ಟಿಗೆ ಇವೆರಡೂ ಒಂದಾದ ಮೇಲೊಂದು ಬರುವ ಮೆಟ್ಟಿಲುಗಳಾಗಲಿಲ್ಲ, ಒಟ್ಟಿಗೇ ಬಂದವು. ಕೇಳುವವರು ಇದ್ದಾರೆಂದೇ ನನ್ನ ಓದು ಹದಕ್ಕೆ ಬಂತು, ಉಚ್ಚಾರ ತಿದ್ದಿಕೊಂಡೆ, ಅವಸರ ಬಿಟ್ಟೆ.

ಶುರು ಮಾಡುವವರಿಗೆ ಹೇಳಬೇಕಾದ್ದು ಇಷ್ಟೇ: ದುಡ್ಡು ಬರದಿದ್ದರೂ ನೀವು ಮಾಡುವ ಕೆಲಸ ಯಾವುದು ಎಂದು ನೋಡಿಕೊಳ್ಳಿ. ಅದು ಯಾರಿಗೆ ಬೇಕು, ಯಾವ ರೂಪದಲ್ಲಿ ಬೇಕು ಎಂದು ಅವರನ್ನೇ ಕೇಳಿ. ವಾರಕ್ಕೆ ಒಂದೇ ಹೊತ್ತಾದರೂ ಸರಿ, ತಪ್ಪಿಸಬೇಡಿ. ಅವರ ಪರೀಕ್ಷೆ ನಿಮ್ಮ ಬಿಡುವಿಗೆ ಕಾಯುವುದಿಲ್ಲ.

ಈಗ ಗಣಿತ ಓದುವುದನ್ನು ಕಲಿಯುತ್ತಿದ್ದೇನೆ. ‘ಎ ಪ್ಲಸ್ ಬಿ ಸ್ಕ್ವೇರ್’ ಎಂದರೆ ವರ್ಗ ‘ಬಿ’ಗೆ ಮಾತ್ರವೋ, ಇಡೀ ಮೊತ್ತಕ್ಕೋ ಕಿವಿಗೆ ತಿಳಿಯುವುದಿಲ್ಲ. ಅದಕ್ಕೇ ಆವರಣ ತೆರೆಯುವುದನ್ನೂ ಮುಚ್ಚುವುದನ್ನೂ ಬಾಯಿಬಿಟ್ಟು ಹೇಳುತ್ತೇನೆ. ಮುಂದಿನ ಅಧ್ಯಾಯ ರೇಖಾಗಣಿತ. ಅದನ್ನು ಹೇಗೆ ಹೇಳಿದರೆ ಸುಲಭ ಎಂದು ವಿದ್ಯಾರ್ಥಿಗಳ ಜೊತೆ ಕೂತು ತೀರ್ಮಾನಿಸುತ್ತಿದ್ದೇವೆ.