ಬೈಕ್ ಸವಾರಿಗೆ ನಿಮ್ಮದೇ ಜಿಪಿಎಸ್ ದಾರಿ ಹಾಕುವುದು ಹೇಗೆ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಾರಿ ಕೇಳಿದರೆ ಫೋನ್ ಸೀದಾ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹತ್ತಿಸುತ್ತದೆ. ಹೆಚ್ಚುಕಮ್ಮಿ 60 ಕಿಲೋಮೀಟರ್. ಕೆಲಸದ ಮೇಲೆ ಹೋಗುವವರಿಗೆ ಅದೇ ಸರಿ. ಆದರೆ ಭಾನುವಾರ ಬೈಕ್ ತೆಗೆಯುವುದು ಲಾರಿಗಳ ಹಿಂದೆ ಓಡುವುದಕ್ಕಲ್ಲ, ಅಲ್ವಾ? ಸಂತೇಬೆನ್ನೂರಿನ ಪುಷ್ಕರಣಿ ನೋಡಿ, ಸೂಳೆಕೆರೆ ಏರಿ ಮೇಲೆ ಸ್ವಲ್ಪ ಹೊತ್ತು ನಿಂತು, ಚನ್ನಗಿರಿ ಕಡೆಯ ಅಡಿಕೆ ತೋಟ ದಾಟಿ, ಹೊಳಲ್ಕೆರೆ ಮೇಲಿಂದ ದುರ್ಗ ಸೇರಬಹುದು. ಈ ದಾರಿಯನ್ನು ಫೋನ್ ತಾನಾಗಿ ತೋರಿಸುವುದಿಲ್ಲ. ನಾವೇ ಹಾಕಿಕೊಡಬೇಕು.

ಗೂಗಲ್ ಮ್ಯಾಪ್ಸ್‌ನಲ್ಲಿ ನಡುವೆ ಊರುಗಳನ್ನು ಸೇರಿಸಬಹುದು. ಆದರೆ ಎರಡು ಊರಿನ ನಡುವೆ ಯಾವ ರಸ್ತೆ ಎಂಬುದನ್ನು ಅದು ಹೊರಟ ಮೇಲೂ ಬದಲಿಸುತ್ತದೆ. ಅದಕ್ಕೇ ನಾನು ಓಸ್ಮ್‌ಆಂಡ್ ಆ್ಯಪ್ ಬಳಸುತ್ತೇನೆ. ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಕರ್ನಾಟಕದ ನಕ್ಷೆ ಇಳಿಸಿಕೊಳ್ಳಿ. ಆಮೇಲೆ ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ಸಿಗುತ್ತದೆ. ‘ಪ್ಲಾನ್ ಎ ರೂಟ್’ ತೆರೆದು, ನಕ್ಷೆ ಮೇಲೆ ಒಂದೊಂದೇ ಚುಕ್ಕಿ ಇಡುತ್ತಾ ಹೋಗಿ.

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲೇ. ಚುಕ್ಕಿ ಜಾಸ್ತಿ ಇಟ್ಟಷ್ಟೂ ತೊಂದರೆ ಜಾಸ್ತಿ. ಆ್ಯಪ್ ದಾರಿಯನ್ನು ಬೇರೆ ಕಡೆ ಎಳೆಯುವ ಜಾಗದಲ್ಲಿ ಮಾತ್ರ ಒಂದು ಚುಕ್ಕಿ ಸಾಕು. ಅದನ್ನೂ ಸರ್ಕಲ್ ಮೇಲೆ ಇಡಬೇಡಿ. ತಿರುವು ದಾಟಿ ಒಂದರ್ಧ ಕಿಲೋಮೀಟರ್ ಮುಂದೆ, ರಸ್ತೆಯ ನಡುವೆ ಇಡಿ. ಊರಿನ ಹೆಸರು ಒತ್ತಿ ಸುಮ್ನೆ ಸೇರಿಸಿದರೆ ಚುಕ್ಕಿ ಪೇಟೆ ಬೀದಿಯೊಳಗೆ ಬೀಳಬಹುದು.

ಹೆದ್ದಾರಿಯಲ್ಲಂತೂ ನಕ್ಷೆಯನ್ನು ಪೂರ್ತಿ ದೊಡ್ಡದು ಮಾಡಿ ನೋಡಲೇಬೇಕು. ಹೋಗುವ ರಸ್ತೆ, ಬರುವ ರಸ್ತೆ, ಪಕ್ಕದಲ್ಲಿ ಸರ್ವಿಸ್ ರಸ್ತೆ, ಹೀಗೆ ಗೆರೆಗಳು ಒತ್ತೊತ್ತಾಗಿರುತ್ತವೆ. ಒಮ್ಮೆ ದುರ್ಗದಿಂದ ವಾಪಸ್ ಬರುವಾಗ ಭರಮಸಾಗರದ ಹತ್ತಿರ ನನ್ನ ಚುಕ್ಕಿ ಎದುರು ಬದಿಯಲ್ಲಿ ಕೂತಿತ್ತು. ಬೆರಳು ಒಂದು ಕೂದಲೆಳೆ ಆಚೆ ಹೋಗಿದ್ದಷ್ಟೇ. ನೇರ ಮನೆಗೆ ಹೋಗಬೇಕಾದವನಿಗೆ ಫೋನ್ ‘ತಿರುಗಿ ಹೋಗಿ’ ಎಂದು ಬಡಿದುಕೊಳ್ಳುತ್ತಲೇ ಇತ್ತು. ಹೀಗಾದಾಗ ಹೆದ್ದಾರಿಯಲ್ಲಿ ಗಡಿಬಿಡಿಯಿಂದ ನಿಲ್ಲಿಸಬೇಡಿ, ತಿರುಗಿಸಲೂ ಬೇಡಿ. ಮುಂದೆ ಪೆಟ್ರೋಲ್ ಬಂಕ್ ಸಿಕ್ಕಾಗ ಒಳಗೆ ಹೋಗಿ, ಆ ಚುಕ್ಕಿ ಅಳಿಸಿ ಹೊರಡಿ.

ಗೆರೆ ಸರಿಯಾದ ಮೇಲೆ ಜಿಪಿಎಕ್ಸ್ ಫೈಲಾಗಿ, ಅಂದರೆ ದಾರಿಯ ಚುಕ್ಕಿಗಳನ್ನು ಬರೆದಿಡುವ ಫೈಲಾಗಿ, ಸೇವ್ ಮಾಡಿ. ಈ ಫೈಲಿನಲ್ಲಿ ರೂಟ್, ಟ್ರ್ಯಾಕ್ ಎಂದು ಎರಡು ಬಗೆ ಇವೆ. ರೂಟ್ ಎಂದರೆ ಕೆಲವೇ ಚುಕ್ಕಿ. ನಡುವಿನ ದಾರಿಯನ್ನು ಉಪಕರಣವೇ ಲೆಕ್ಕ ಹಾಕುತ್ತದೆ. ಹಾಗಾಗಿ ನಿಮ್ಮ ಫೋನಿನಲ್ಲಿ ಒಂದು ದಾರಿ, ಗೆಳೆಯನದರಲ್ಲಿ ಇನ್ನೊಂದು ಬರಬಹುದು. ಟ್ರ್ಯಾಕ್ ಎಂದರೆ ನೂರಾರು ಚುಕ್ಕಿಗಳ ಗಟ್ಟಿ ಗೆರೆ, ಎಲ್ಲರಿಗೂ ಒಂದೇ. ಗುಂಪಿನಲ್ಲಿ ಹೋಗುವವರು ಟ್ರ್ಯಾಕ್ ಕಳಿಸುವುದೇ ಒಳ್ಳೆಯದು. ತೆರೆದು ‘ಫಾಲೋ ಟ್ರ್ಯಾಕ್’ ಒತ್ತಿದರೆ ಆಯಿತು.

ಫೋನನ್ನು ಹ್ಯಾಂಡಲ್‌ಗೆ ಕೂರಿಸುವಾಗ ಅದುರು ತಡೆಯುವ ರಬ್ಬರಿನ ಹೋಲ್ಡರ್ ಹಾಕಿ. ಎಂಜಿನ್ನಿನ ಅದುರು ಕ್ಯಾಮೆರಾ ಕೆಡಿಸಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಪರದೆ ಉರಿಯುತ್ತಲೇ ಇದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ, ಬೈಕಿಗೆ ಚಾರ್ಜರ್ ಇರಲಿ. ಓಡಿಸುತ್ತಾ ಪರದೆ ಮುಟ್ಟಲೇಬೇಡಿ. ದಾರಿ ನೋಡಲು ಫೋನ್ ಬಳಸಬಹುದು, ಆದರೆ ಸವಾರನ ಗಮನ ಕೆಡಬಾರದು ಎಂದು 2020ರ ಅಕ್ಟೋಬರ್‌ನಿಂದ ನಿಯಮವೂ ಇದೆ.

ಹೋದ ದಾರಿಯನ್ನೂ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬಂದು ಅದನ್ನು ಮೊದಲು ಹಾಕಿದ ಗೆರೆ ಮೇಲಿಟ್ಟು ನೋಡಿ. ಎರಡೂ ಎಲ್ಲಿ ಬೇರೆಯಾಗಿವೆಯೋ ಅಲ್ಲಿ ಚುಕ್ಕಿ ಸರಿಸಿ, ಮತ್ತೆ ಸೇವ್ ಮಾಡಿ. ಮುಂದಿನ ಭಾನುವಾರ ಜೊತೆಗೆ ಬರುವವರಿಗೆ ವಾಟ್ಸಾಪ್‌ನಲ್ಲಿ ಆ ಫೈಲನ್ನೇ ಕಳಿಸಿ.