ಮಿಲಿಟರಿಗೆ ಹೋಗಿದ್ದ ಮುತ್ತಜ್ಜನನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ?

“ನಮ್ಮ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಮಿಲಿಟರಿಯಲ್ಲಿದ್ದರಂತೆ. ಲಂಡನ್ನಿಗೆ ಬರೆದರೆ ದಾಖಲೆ ಸಿಗುತ್ತಾ?” ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಅಟ್ಟದ ಮೇಲಿನ ಟ್ರಂಕ್ ಇಳಿಸಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದು ಹೆಚ್ಚಾಗಿ ಅಧಿಕಾರಿಗಳ ಕಾಗದ. ಸಾಮಾನ್ಯ ಸಿಪಾಯಿಯ ಸರ್ವಿಸ್ ದಾಖಲೆ ಅವನ ರೆಜಿಮೆಂಟಿನಲ್ಲಿ, ಅಂದರೆ ಈ ದೇಶದಲ್ಲೇ ಇರುತ್ತಿತ್ತು.

ಟ್ರಂಕಿನಲ್ಲಿ ಹುಡುಕಬೇಕಾದ್ದು ಎರಡು ಸಂಗತಿ. ಸರ್ವಿಸ್ ನಂಬರು ಮತ್ತು ಪಡೆಯ ಹೆಸರು. ಬರೀ ಹೆಸರು ಇಟ್ಟುಕೊಂಡು ಹೊರಟರೆ ಪ್ರಯೋಜನ ಕಡಿಮೆ. ಒಂದೇ ಪಡೆಯಲ್ಲಿ ಎಷ್ಟು ಜನ ಮುನಿಸ್ವಾಮಿಗಳು, ಎಷ್ಟು ಜನ ರಾಮಯ್ಯಗಳು! ಡಿಸ್ಚಾರ್ಜ್ ಸರ್ಟಿಫಿಕೇಟ್, ಪಿಂಚಣಿ ಪುಸ್ತಕ, ಹಳೇ ಮನಿಯಾರ್ಡರ್ ಚೀಟಿ, ಗ್ರೂಪ್ ಫೋಟೋದ ಹಿಂಬದಿ, ಎಲ್ಲವನ್ನೂ ನೋಡಿ.

ಪದಕ ಇದ್ದರಂತೂ ಅರ್ಧ ಕೆಲಸ ಆದ ಹಾಗೆ. ನಮ್ಮ ಮನೆಯಲ್ಲಿ ಉಳಿದಿರುವುದು ಮೊದಲ ಮಹಾಯುದ್ಧದ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್. ಒಂದು ಬದಿಯಲ್ಲಿ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಬದಿಯಲ್ಲಿ ಕುದುರೆ ಮೇಲೆ ಕೂತ ಮನುಷ್ಯ. ಎಲ್ಲರೂ ನೋಡುವುದು ಈ ಎರಡು ಮುಖಗಳನ್ನೇ. ನೀವು ಅಂಚು ನೋಡಿ. ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಸುತ್ತಲೂ ಒತ್ತಿರುತ್ತಾರೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಓರೆಯಾಗಿ ಹಿಡಿದು, ಪದಕವನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ನೆರಳಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ನಮ್ಮದರಲ್ಲಿ ಮೊದಲು ನಂಬರು, ಆಮೇಲೆ ‘ಸ್ಯಾಪರ್’, ಮುತ್ತಜ್ಜನ ಹೆಸರು, ಕೊನೆಗೆ ‘2 ಕ್ಯೂ.ವಿ.ಓ. ಎಸ್. ಅಂಡ್ ಎಂ.’ ಎಂದಿದೆ. ಅಂದರೆ ಮದ್ರಾಸ್ ಸ್ಯಾಪರ್ಸ್, ಸೈನ್ಯಕ್ಕೆ ಸೇತುವೆ, ರಸ್ತೆ ಕಟ್ಟಿಕೊಡುವ ಎಂಜಿನಿಯರಿಂಗ್ ಪಡೆ. ಹಲಸೂರು ಕೆರೆಯ ಪಕ್ಕದಲ್ಲಿರುವ ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಉಜ್ಜಿ ಉಜ್ಜಿ ಅಂಚಿನ ಅಕ್ಷರ ಸವೆದುಹೋದರೆ ಪದಕ ಇದ್ದೂ ಇಲ್ಲದ ಹಾಗೆ. ಅದೇ ಮೆಡಲ್ ಬೆಳ್ಳಿಯ ಬದಲು ಕಂಚಿನದಾಗಿದ್ದರೆ ಅದೂ ಒಂದು ಸುಳಿವು. ಕಂಚಿನದನ್ನು ಲೇಬರ್ ಕೋರ್‌ನವರಿಗೆ, ಪಡೆಯ ಜೊತೆ ಹೋದ ಕೆಲಸಗಾರರಿಗೆ ಕೊಡುತ್ತಿದ್ದರು. ಸುಮಾರು ಅಂಗೈ ಅಗಲದ, ನಂಬರು, ದರ್ಜೆ ಇಲ್ಲದೆ ಹೆಸರು ಮಾತ್ರ ಇರುವ ಕಂಚಿನ ಬಿಲ್ಲೆ ಸಿಕ್ಕರೆ, ಅದು ಮೊದಲ ಯುದ್ಧದಲ್ಲಿ ತೀರಿಕೊಂಡವರ ಮನೆಗೆ ಕಳಿಸಿದ್ದು. ದರ್ಜೆಯೂ ದಾರಿ ತೋರಿಸುತ್ತದೆ. ಸವಾರ, ದಫೇದಾರ, ರಿಸಾಲ್ದಾರ ಎಂದಿದ್ದರೆ ಕುದುರೆ ಪಡೆ. ಸಿಪಾಯಿ, ಹವಾಲ್ದಾರ, ಸುಬೇದಾರ ಎಂದಿದ್ದರೆ ಸಾಮಾನ್ಯವಾಗಿ ಕಾಲ್ದಳ.

ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ: ಆಗ ನಿಮ್ಮ ಊರು ಯಾರ ಆಳ್ವಿಕೆಯಲ್ಲಿತ್ತು? ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಬೆಳಗಾವಿ, ಧಾರವಾಡ, ವಿಜಯಪುರ ಬಾಂಬೆ ಪ್ರಾಂತ್ಯದಲ್ಲಿದ್ದವು. ಆ ಕಡೆಯವರು ಮರಾಠಾ ಪಡೆಗಳನ್ನು ಮೊದಲು ನೋಡಬೇಕು. ಮರಾಠಾ ಲೈಟ್ ಇನ್ಫೆಂಟ್ರಿಯ ಕೇಂದ್ರ ಇರುವುದೂ ಬೆಳಗಾವಿಯಲ್ಲೇ. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸಿಗೆ ಸೇರಿದ್ದವು. ಕಲಬುರಗಿ, ಬೀದರ್, ರಾಯಚೂರು ನಿಜಾಮರದ್ದು. ಹಳೇ ಮೈಸೂರಿನವರಾದರೆ ಮಹಾರಾಜರ ಸ್ವಂತ ಸೈನ್ಯದಲ್ಲೇ ಇದ್ದಿರಬಹುದು. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಸಂಸ್ಥಾನದ ಪಡೆ. ಅಂಥವರ ಬಗ್ಗೆ ಕೇಳಬೇಕಾದ್ದು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಕಡತಗಳ ಪಟ್ಟಿಯನ್ನು ‘ಅಭಿಲೇಖ್ ಪಟಲ್’ ವೆಬ್‌ಸೈಟಿನಲ್ಲಿ ಮನೆಯಿಂದಲೇ ನೋಡಬಹುದು.

ಯುದ್ಧದಲ್ಲಿ ಸತ್ತವರನ್ನು ಹುಡುಕುವುದು ಸುಲಭ, ಬದುಕಿ ಬಂದವರನ್ನು ಹುಡುಕುವುದೇ ಕಷ್ಟ. ಹೇಳೋಕೆ ಬೇಜಾರಾಗುತ್ತದೆ, ಆದರೆ ನಿಜ.

ಸತ್ತವರಿಗೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಆನ್‌ಲೈನ್ ಪಟ್ಟಿ ಇದೆ. ದುಡ್ಡು ಕೊಡಬೇಕಿಲ್ಲ. 1914ರ ಆಗಸ್ಟಿನಿಂದ 1921ರ ಆಗಸ್ಟಿನವರೆಗೆ, ಮತ್ತೆ 1939ರ ಸೆಪ್ಟೆಂಬರಿನಿಂದ 1947ರ ಕೊನೆಯವರೆಗೆ ತೀರಿಕೊಂಡವರು ಅದರಲ್ಲಿದ್ದಾರೆ. ಎಷ್ಟೋ ಕಡೆ ತಂದೆಯ ಹೆಸರು, ಹಳ್ಳಿ, ತಾಲ್ಲೂಕು ಕೂಡ ಬರೆದಿರುತ್ತಾರೆ. ಆದರೆ ಹೆಸರುಗಳನ್ನು ಬರೆದವರು ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಗೀಚಿದ್ದಾರೆ. ನಂಜಪ್ಪನಿಗೆ ಎ ಬದಲು ಯು ಹಾಕಿರಬಹುದು. ಮುನಿಸ್ವಾಮಿಗೆ ಎರಡು ಓ ಇರಬಹುದು. ಮಡಿಕೇರಿ ಹೋಗಿ ಮರ್ಕೆರಾ, ಶ್ರೀರಂಗಪಟ್ಟಣ ಹೋಗಿ ಸೆರಿಂಗಪಟಂ. ಹಾಗಾಗಿ ಹೆಸರನ್ನು ಬಿಟ್ಟು, ಮೊದಲು ನಂಬರು ಹಾಕಿ ಹುಡುಕಿ. ಸಿಗದಿದ್ದರೆ ಪಡೆಯ ಹೆಸರು ಹಾಕಿ, ಬಂದ ಪಟ್ಟಿಯನ್ನು ಕೂತು ಓದಿ. ಬೇಸರದ ಕೆಲಸ, ಆದರೆ ಅದರಲ್ಲೇ ಸಿಗುವುದು. ಮೊದಲ ಯುದ್ಧದಲ್ಲಿ ಸೆರೆ ಸಿಕ್ಕಿದ್ದರೆ ರೆಡ್‌ಕ್ರಾಸ್ ಸಂಸ್ಥೆಯ ಯುದ್ಧಕೈದಿಗಳ ಕಾರ್ಡುಗಳೂ ಆನ್‌ಲೈನಿನಲ್ಲಿವೆ.

ಬದುಕಿ ಬಂದವರಿಗೆ ಆ ಪಡೆಯ ರೆಕಾರ್ಡ್ ಆಫೀಸಿಗೆ ಕಾಗದ ಬರೆಯಬೇಕು. ನಂಬರು, ದರ್ಜೆ, ಹೆಸರು, ತಂದೆಯ ಹೆಸರು, ಆ ಕಾಲದ ತಾಲ್ಲೂಕು ಮತ್ತು ಜಿಲ್ಲೆ, ಸೇರಿದ ಮತ್ತು ಬಿಟ್ಟ ವರ್ಷ ಇಷ್ಟನ್ನು ಒಂದೇ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ. ನೀವು ಅವರಿಗೆ ಏನಾಗಬೇಕು ಎಂಬುದಕ್ಕೆ ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷದ ಪ್ರತಿ ಇಟ್ಟರೆ ಒಳ್ಳೆಯದು. ಕೇಳಬೇಕಾದ್ದು ‘ಷೀಟ್ ರೋಲ್’. ಊರು, ತಂದೆ, ಎತ್ತರ, ಮೈಮೇಲಿನ ಗುರುತು ಎಲ್ಲವೂ ಇರುವ ಹಾಳೆ ಅದು. ಅವಧಿ ಮುಗಿದ ಹಳೇ ಹಾಳೆಗಳನ್ನು ನಾಶ ಮಾಡುವ ನಿಯಮ ಇದೆ. ಆದ್ದರಿಂದ ‘ಲಾಂಗ್ ರೋಲ್’ ರಿಜಿಸ್ಟರಿನಲ್ಲಿ ಒಂದು ಸಾಲಾದರೂ ಉಳಿದಿದೆಯೇ ಎಂದು ಅದೇ ಕಾಗದದಲ್ಲಿ ಕೇಳಿ. ಪಡೆಯೇ ಈಗ ಇಲ್ಲದಿರಬಹುದು, ಗಾಬರಿಯಾಗಬೇಡಿ. 1922ರ ಸುಮಾರಿಗೆ ಕಾಲ್ದಳದ ಪಡೆಗಳನ್ನು ಒಟ್ಟುಗೂಡಿಸಿ ಹೆಸರು ಬದಲಿಸಿದರು. ಮದ್ರಾಸ್ ಪಯೋನಿಯರ್ಸನ್ನು 1933ರಲ್ಲಿ ಮುಚ್ಚಿಯೇಬಿಟ್ಟರು. ಹಳೇ ಪಡೆ ಯಾವ ಹೊಸ ಪಡೆಗೆ ಸೇರಿತು ಎಂದು ನೋಡಿಕೊಂಡು ಬರೆಯಿರಿ.

ಪಡೆ ಗೊತ್ತಾಗಿ, ಕಂಪನಿ ನಂಬರೂ ಸಿಕ್ಕರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಲಂಡನ್ನಿನ ಕ್ಯೂ ಪ್ರದೇಶದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮೊದಲ ಯುದ್ಧದ ವಾರ್ ಡೈರಿಗಳಿವೆ, ‘ಡಬ್ಲ್ಯೂ.ಓ. 95’ ಎಂಬ ಸಾಲಿನಲ್ಲಿ. ಸಿಪಾಯಿಯ ಹೆಸರು ಅದರಲ್ಲಿ ಅಪರೂಪ. ಆದರೆ ಇಂಥ ದಿನ ಎಲ್ಲಿ ಬಿಡಾರ ಹೂಡಿದರು, ಯಾವ ಸೇತುವೆ ಕಟ್ಟಿದರು, ಮಳೆ ಎಷ್ಟು ಹೊಯ್ಯಿತು, ಎಲ್ಲ ಬರೆದಿಟ್ಟಿದ್ದಾರೆ. ಅಜ್ಜಿ ಹೇಳುತ್ತಿದ್ದ “ಬಸ್ರಾಕ್ಕೆ ಹೋಗಿದ್ದರು” ಎಂಬ ಒಂದೇ ಮಾತಿಗೆ ತಿಂಗಳು, ತಾರೀಖು ಸೇರಿಕೊಳ್ಳುತ್ತವೆ.

ಜಮೀನನ್ನೂ ಬಿಡಬೇಡಿ. ಮಾಜಿ ಸೈನಿಕರೆಂದು ಮಂಜೂರಾದ ಜಮೀನಿದ್ದರೆ ಅದರ ಕಡತ ತಾಲ್ಲೂಕು ಕಚೇರಿಯಲ್ಲಿ ಇರಬೇಕು. ಪಹಣಿಯ ಸರ್ವೆ ನಂಬರು ಹಿಡಿದು ಮಂಜೂರಾತಿ ಆದೇಶದ ನಕಲಿಗೆ ಅರ್ಜಿ ಹಾಕಿ. ಎರಡನೇ ಯುದ್ಧದವರ ವಿಧವಾ ಪಿಂಚಣಿ ಇತ್ತೀಚಿನವರೆಗೂ ಬರುತ್ತಿದ್ದರೆ, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. ಹೋಗುವಾಗ ಪದಕದ ಅಂಚಿನ ಫೋಟೋ ಮೊಬೈಲಿನಲ್ಲಿ ಇರಲಿ, ಅಸಲು ಪದಕ ಮನೆಯಲ್ಲೇ ಇರಲಿ.